ಹದ್ದಿನ ಕಾಲಬಳೆ ಓದುವ ಲೆನ್ಸು

ಸುಮಿಯೆ-ಸಾನ್ ನನ್ನ ಕ್ಯಾಮೆರಾ ಅಂಗಡಿಗೆ ಮೊದಲ ಸಲ ಬಂದಾಗ ಅವರ ಕೈಯಲ್ಲೊಂದು ಕಾಗದದ ಚೂರಿತ್ತು. ‘62, ಬಿಳಿ, ಬಲಗಾಲು’ ಎಂದು ಬರೆದಿದ್ದ ಆ ಚೂರನ್ನು ನನ್ನ ಮುಂದಿಟ್ಟು, “ಇದನ್ನ ಓದೋ ಅಂಥ ಲೆನ್ಸ್ ಕೊಡಿ” ಎಂದರು.

“ಓದೋದಕ್ಕಾದ್ರೆ ಕನ್ನಡಕದ ಅಂಗಡಿ ಪಕ್ಕದಲ್ಲಿದೆಯಲ್ಲ” ಎಂದೆ.

“ಇದು ಹಾರೋ ಹದ್ದಿನ ಕಾಲಲ್ಲಿದೆ. ಕನ್ನಡಕದವರು ಹಿಡ್ಕೊಂಡು ಬಂದು ತೋರಿಸ್ತಾರಾ?”

ಅಲ್ಲಿಗೆ ನನ್ನ ತಮಾಷೆ ಮುಗಿಯಿತು. ಕುರ್ಚಿ ಹಾಕಿ, ಬಿಸಿ ಬಾರ್ಲಿ ಚಹಾ ಕೊಟ್ಟೆ.

ಅವರು ಬಂದದ್ದು ಜಪಾನಿನ ಉತ್ತರ ತುದಿಯ ಕಡಲೂರು ರಾವುಸುವಿನಿಂದ, ಒಂದೂವರೆ ಗಂಟೆ ಗಾಡಿ ಓಡಿಸಿಕೊಂಡು. ವಯಸ್ಸು ಅರವತ್ತೊಂದು, ಎತ್ತರ ನನ್ನ ಭುಜದಷ್ಟು. ಬೇಸಿಗೆಯಲ್ಲಿ ಗಂಡ ಕಿಚಿಜಿಯವರ ಜೊತೆ ಕಡಲಪಾಚಿ ಒಣಗಿಸುವ ಕೆಲಸ. ಚಳಿಗಾಲದಲ್ಲಿ ಊರಿನ ರಸ್ತೆಯ ಹಿಮ ತಳ್ಳುವ ದೊಡ್ಡ ಗಾಡಿಯ ಚಾಲಕಿ. ಒದ್ದೆ ಕಡಲಪಾಚಿ ಎತ್ತಿ ಎತ್ತಿ ಬಲ ಭುಜ ಸವೆದಿತ್ತು.

ಮೂರು ವರ್ಷದ ಹಿಂದೆ, ಕಡಲದಂಡೆಯ ರಸ್ತೆಯಲ್ಲಿ ಹಿಮ ತಳ್ಳುತ್ತ ಬರುವಾಗ, ಯಾವುದೋ ವಾಹನಕ್ಕೆ ಸಿಕ್ಕಿ ಸತ್ತ ಜಿಂಕೆಯ ಪಕ್ಕದಲ್ಲಿ ಒಂದು ಕಡಲಹದ್ದು ರೆಕ್ಕೆ ಎಳೆದುಕೊಂಡು ಕೂತಿತ್ತಂತೆ. ಬಿಚ್ಚಿದರೆ ಎಂಟಡಿಯಾಗುವ ರೆಕ್ಕೆ, ಬೆಣ್ಣೆಯ ಬಣ್ಣದ ಭಾರೀ ಕೊಕ್ಕು. ಸುಮಿಯೆ-ಸಾನ್ ಗಾಡಿ ನಿಲ್ಲಿಸಿ, ಮೈಮೇಲಿದ್ದ ಕೋಟು ಬಿಚ್ಚಿ ಅದರ ಮೇಲೆ ಎಸೆದು, ಅಪ್ಪಿ ಹಿಡಿದು, ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ಕೈಗವಸು ಹರಿಯಿತು, ಕೈಯೂ ಹರಿಯಿತು. ಕಿಚಿಜಿಯವರ ಲಾರಿಯಲ್ಲಿ ಹದ್ದು ಕುಶಿರೋ ಪಟ್ಟಣದ ಪಶುವೈದ್ಯೆಯ ಬಳಿ ಸೇರಿತು. ನಾಲ್ಕು ತಿಂಗಳ ಮೇಲೆ ರೆಕ್ಕೆ ಕೂಡಿಕೊಂಡಿತು. ಬಲಗಾಲಿಗೆ 62 ಎಂಬ ನಂಬರಿನ ಬಿಳಿ ಬಳೆ ತೊಡಿಸಿ ಹಾರಲು ಬಿಟ್ಟರು. ಆಮೇಲೆ ಅದನ್ನು ಕಂಡವರಿಲ್ಲ.

“ಹದ್ದು ತೋರಿಸೋ ದೋಣೀಲಿ ಹೋಗಿ ಬೈನಾಕ್ಯುಲರಲ್ಲಿ ನೋಡ್ತೀನಿ. ಬಳೆ ಕಾಣತ್ತೆ. ನಂಬರ್ ಓದೋಷ್ಟರಲ್ಲಿ ಹದ್ದೇ ಇರಲ್ಲ” ಎಂದರು. “ನಮ್ಮ ಮನೆಯವರು ಹೇಳ್ತಾರೆ, ಅದಕ್ಕೊಂದು ಕಾಗದ ಬರಿ, ಉತ್ತರ ಬಂದ್ರೆ ಬದುಕಿದೆ ಅಂತ ಅರ್ಥ ಅಂತ.”

ಕ್ಯಾಮೆರಾ ಅವರ ಹತ್ತಿರ ಆಗಲೇ ಇತ್ತು, ನಾದಿನಿ ಕೊಟ್ಟದ್ದು. ಅದರ ಜೊತೆಗೆ ಬಂದಿದ್ದ ಲೆನ್ಸಿನಲ್ಲಿ ಹದ್ದು ನೊಣದಷ್ಟು ಬರುತ್ತಿತ್ತು.

ನಾನು ಮೂರು ಲೆನ್ಸು ಇಳಿಸಿದೆ. ಮೊದಲನೆಯದು ಆರುನೂರು ಮಿಲಿಮೀಟರಿನದು, ಝೂಮ್ ಇಲ್ಲ, ಮೂರು ಕಿಲೋ ತೂಕ, ಬೆಲೆ ಒಂದು ಸಣ್ಣ ಕಾರಿನಷ್ಟು. ಅವರು ಅದನ್ನು ಎತ್ತಿ, ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಇಳಿಸಿದರು. “ಇದಕ್ಕೆ ಕಾಲಿರೋ ಸ್ಟ್ಯಾಂಡ್ ಬೇಕು. ದೋಣೀಲಿ ಸ್ಟ್ಯಾಂಡ್ ನಿಲ್ಲತ್ತಾ? ಬೇಡ.” ಎರಡನೆಯದು ಇನ್ನೂರರಿಂದ ಆರುನೂರರವರೆಗಿನ ಝೂಮ್, ಎರಡು ಕಿಲೋ. ಮೂರನೆಯದು ನೂರರಿಂದ ನಾನೂರರವರೆಗೆ, ಒಂದೂವರೆ ಕಿಲೋಗಿಂತ ತುಸು ಕಡಿಮೆ.

ನನಗೆ ಅನುಮಾನವೇ ಇರಲಿಲ್ಲ. “ಎರಡನೇದು ತಗೊಳ್ಳಿ. ನಂಬರ್ ಓದಬೇಕಂದ್ರೆ ದೂರ ಎಟುಕಬೇಕು.”

“ಓದಿ ನೋಡೋಣ” ಎಂದವರೇ ಎದ್ದು ಬಾಗಿಲಿಗೆ ಹೋದರು. ನನ್ನ ಅಂಗಡಿಯ ಮುಂದೆ ಹಾಲಿನ ಲಾರಿಗಳು ಓಡಾಡುವ ನೇರ ರಸ್ತೆಯಿದೆ. ಕೊರೆಯುವ ಚಳಿಯಲ್ಲಿ ಮೆಟ್ಟಿಲ ಮೇಲೆ ನಿಂತು, ಕೆಲಸದ ದಪ್ಪ ಕೈಗವಸು ಏರಿಸಿಕೊಂಡು, ಬರುವ ಲಾರಿಗಳ ನಂಬರ್ ಹಲಗೆಗೆ ಗುರಿಯಿಟ್ಟರು. ಕೈಗವಸು ತೆಗೆಯಿರಿ ಎಂದರೆ, “ದೋಣೀಲಿ ತೆಗೀತೀನಾ?” ಎಂದರು.

ಉದ್ದನೆಯ ಝೂಮ್‌ನಲ್ಲಿ ದೂರದ ಲಾರಿಯ ನಂಬರು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿ ಬಂತು. ಆದರೆ ಲಾರಿ ಹತ್ತಿರವಾದ ಹಾಗೆಲ್ಲ ಅವರು ಅದನ್ನು ಕಳೆದುಕೊಂಡರು. ಬರೀ ಆಕಾಶ, ಬರೀ ಚಕ್ರ. ಐದನೇ ಲಾರಿಗೆ ಭುಜ ನೋಯತೊಡಗಿತು. ಚಿಕ್ಕದನ್ನು ಹಾಕಿಕೊಟ್ಟೆ. ದೂರದ ನಂಬರು ಮಸುಕು. ಹತ್ತಿರದ್ದು ಮಾತ್ರ ಒಂದೂ ತಪ್ಪಲಿಲ್ಲ. ಅವರ ಸೊಂಟ ಲಾರಿಯ ಜೊತೆಗೇ ತಿರುಗುತ್ತಿತ್ತು, ಎಡಗೈ ಝೂಮ್ ಅನ್ನು ಹಿಂದಕ್ಕೆ ತರುತ್ತಿತ್ತು. ಮೂವತ್ತು ಚಳಿಗಾಲ ಹಿಮದ ಗಾಡಿ ತಿರುಗಿಸಿದ ಮೈ ಅದು. ಒಂದು ಲಾರಿಯ ಚಾಲಕ ಗಾಬರಿಯಾಗಿ ವೇಗ ಇಳಿಸಿಕೊಂಡು ಹೋದ. ಪೊಲೀಸರು ಅಂದುಕೊಂಡನೋ ಏನೋ.

“ಇದೇ” ಎಂದರು, ಕೆನ್ನೆ ಕೆಂಪಾಗಿ.

“ಸುಮಿಯೆ-ಸಾನ್, ಎರಡು ವಾರಕ್ಕೆ ಮತ್ತೆ ಬಂದು ಉದ್ದನೆಯದು ಕೊಡಿ ಅಂತೀರ.”

“ಕ್ಯಾಮೆರಾದವರೇ, ನೀವು ಹದ್ದನ್ನ ಫೋಟೋದಲ್ಲಿ ನೋಡಿದೀರ. ನಾನು ತೊಡೆಗೆ ತಾಗಿಸ್ಕೊಂಡು ಕೂತಿದೀನಿ. ಅದು ದೋಣಿ ಹತ್ತಿರಕ್ಕೇ ಬರತ್ತೆ. ಬರೋವಾಗ ನಾನು ಸಿದ್ಧ ಇರಬೇಕು, ಅಷ್ಟೇ.” ಬಾಗಿಲಲ್ಲಿ ತಿರುಗಿ ನಿಂತು ಸೇರಿಸಿದರು: “ನಂಬಿಕೆ ಇಲ್ಲಾಂದ್ರೆ ನೀವೂ ಬನ್ನಿ.”

ಹೋದೆ. ಫೆಬ್ರವರಿಯ ಒಂದು ಬೆಳಗ್ಗೆ ಒಂಬತ್ತಕ್ಕೆ ಓದಾಜಿಮಾ ಎಂಬ ಮುದುಕ ನಾಯಕನ ದೋಣಿ ಹೊರಟಿತು. ಉತ್ತರದಿಂದ ತೇಲಿಬಂದ ಮಂಜುಗಡ್ಡೆ ಕಡಲನ್ನೆಲ್ಲ ಮುಚ್ಚಿತ್ತು. ನಮ್ಮ ಪಕ್ಕದಲ್ಲಿ ಟೋಕಿಯೋದಿಂದ ಬಂದ ಒಬ್ಬ ದಂತವೈದ್ಯರಿದ್ದರು, ನಾನು ಅಂಗಡಿಯಲ್ಲಿ ತೋರಿಸಿದ್ದಂಥದೇ ಮೂರು ಕಿಲೋದ ಆರುನೂರರ ಲೆನ್ಸಿನ ಜೊತೆಗೆ. ಕ್ಯಾಮೆರಾವನ್ನು ದೋಣಿಯ ಬೆಚ್ಚಗಿನ ಕೋಣೆಗೆ ಒಯ್ಯಬೇಡಿ, ಗಾಜು ಬೆವರುತ್ತದೆ ಎಂದು ನಾನು ಹೇಳಿದ್ದರಿಂದ ಸುಮಿಯೆ-ಸಾನ್ ತಾವೂ ಒಳಗೆ ಹೋಗಲಿಲ್ಲ.

ಮೊದಲ ಒಂದು ಗಂಟೆ ನನ್ನದೇ ಸರಿ ಎನ್ನುವಂತಿತ್ತು. ಹದ್ದುಗಳು ದೂರದ ಮಂಜಿನ ದಿಬ್ಬಗಳ ಮೇಲೆ ಹರಟೆಗೆ ಕೂತ ಮುದುಕರ ಹಾಗೆ ಕೂತಿದ್ದವು. ದಂತವೈದ್ಯರ ಲೆನ್ಸು ಕಟಕಟ ಎನ್ನುತ್ತಿತ್ತು. ಸುಮಿಯೆ-ಸಾನ್ ಒಂದೆರಡು ತೆಗೆದು, ಪರದೆಯಲ್ಲಿ ಹಿಗ್ಗಿಸಿ ನೋಡಿ, ಕ್ಯಾಮೆರಾ ಕೆಳಗಿಳಿಸಿದರು. ‘ಹೇಳಿರಲಿಲ್ಲವೇ’ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಹೇಳದಿರಲು ಬಹಳ ಕಷ್ಟವಾಯಿತು.

ಆಗ ಓದಾಜಿಮಾ ಎಂಜಿನ್ ಆರಿಸಿ, ಬಕೆಟ್ಟಿನಿಂದ ಮೀನುಗಳನ್ನು ಮಂಜುಗಡ್ಡೆಯ ಮೇಲೆಸೆದ.

ಮುದುಕರ ಸಭೆ ಒಟ್ಟಿಗೇ ಎದ್ದಿತು. ರೆಕ್ಕೆಯ ಸದ್ದು ಒದ್ದೆ ಕಂಬಳಿ ಒದರಿದಂತೆ ಕಿವಿಗೆ ಬಡಿಯಿತು. ಎದುರಿಗೆ, ಎಡಕ್ಕೆ, ತಲೆಯ ಮೇಲೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ಹದ್ದುಗಳು. ದಂತವೈದ್ಯರು “ಬರೀ ಕೊಕ್ಕು ಬರ್ತಿದೆ, ಬರೀ ಕೊಕ್ಕು” ಎನ್ನುತ್ತ ಸ್ಟ್ಯಾಂಡಿನ ಜೊತೆ ಗುದ್ದಾಡುತ್ತಿದ್ದರು.

“ಬಲಕ್ಕೆ, ಕೆಳಗಿಂದ ಬರ್ತಿದೆ, ಕಾಲಲ್ಲಿ ಏನೋ ಇದೆ” ಎಂದು ಓದಾಜಿಮಾ ಕೂಗಿದ.

ಸುಮಿಯೆ-ಸಾನ್ ಆಗಲೇ ತಿರುಗಿದ್ದರು. ಹದ್ದು ಇಳಿಯುವ ಮುನ್ನ ಎರಡೂ ಕಾಲನ್ನು ಮುಂದಕ್ಕೆ ಚಾಚುವ ಆ ಒಂದು ಕ್ಷಣಕ್ಕೆ ಅವರ ಎಡಗೈ ಝೂಮ್ ಅನ್ನು ಹಿಂದೆ ತಂದಿತ್ತು. ಹತ್ತು ಹದಿನೈದು ಚಿತ್ರ ಒಂದೇ ಉಸಿರಿಗೆ. ಹದ್ದು ಮೀನು ಹಿಡಿದು ಎದ್ದುಹೋಯಿತು. ನಾನು ಅವರ ಹೆಗಲ ಮೇಲಿಂದ ಬಗ್ಗಿದೆ. ಪರದೆಯಲ್ಲಿ ಕಾಲು, ಕಾಲಲ್ಲಿ ಬಳೆ, ಬಳೆಯಲ್ಲಿ ಅಕ್ಷರ.

“62 ಅಲ್ಲ” ಎಂದರು.

ಬಳೆ ಬಿಳಿಯದೂ ಅಲ್ಲ, ಮಾಸಿದ ನೀಲಿ. ಒಂದು ಕಡೆ ಅಂಚು ಚಕ್ಕೆ ಎದ್ದಿತ್ತು. ‘ಎಚ್ 7’ ಎಂದಿತ್ತು. ನನಗೆ ಅಯ್ಯೋ ಅನಿಸಿತು. ಅವರ ಮುಖ ನೋಡಿದರೆ ಅಲ್ಲಿ ಬೇಸರವೇ ಇಲ್ಲ, ಕಣ್ಣು ಹೊಳೆಯುತ್ತಿತ್ತು. “ಓದೋಕಾಯ್ತಲ್ಲ. ಹಾರೋದನ್ನ ಓದಿದೆ ನಾನು. ಇದು ಯಾರು, ಹಾಗಾದ್ರೆ?”

ಆ ಚಿತ್ರವನ್ನು ಕುಶಿರೋದ ವೈದ್ಯೆಗೆ ಕಳಿಸಿದೆವು. ಒಂಬತ್ತು ದಿನ ಸದ್ದಿಲ್ಲ. ಹತ್ತನೆಯ ದಿನ ಅಂಗಡಿಯ ಫೋನು ಬಡಿದುಕೊಂಡಿತು, ಸುಮಿಯೆ-ಸಾನ್.

“ಕ್ಯಾಮೆರಾದವರೇ, ಕೂತಿದೀರಾ? ಕೂತ್ಕೊಳ್ಳಿ. ಅದು ರಷ್ಯಾದ್ದು. ಅಮೂರ್ ನದಿ ಹತ್ರ, ಗೂಡಲ್ಲಿದ್ದಾಗಲೇ ಬಳೆ ಹಾಕಿದ್ರಂತೆ. ಯಾವಾಗ ಗೊತ್ತಾ? ಇಪ್ಪತ್ತೆರಡು ವರ್ಷದ ಹಿಂದೆ. ಆಮೇಲೆ ಯಾರೂ ಅದನ್ನ ನೋಡೇ ಇಲ್ಲ. ಸತ್ತಿದೆ ಅಂತ ಬರೆದುಬಿಟ್ಟಿದ್ರಂತೆ.”

ಹಿಂದಿನಿಂದ ಕಿಚಿಜಿಯವರ ದನಿ ಕೇಳಿಸಿತು: “ಕಾಗದ ಬರೆದಿದ್ದು ಒಂದು ಹದ್ದಿಗೆ, ಉತ್ತರ ಕೊಟ್ಟಿದ್ದು ಇನ್ನೊಂದು.”

“ಸುಮ್ನಿರಿ ನೀವು. 62 ಎಲ್ಲೋ ಇದೆ. ಇಲ್ಲ ಅಂತ ಹೇಳೋಕೆ ಇವರಿಗೆಲ್ಲ ಏನು ಗೊತ್ತು, ಇದನ್ನೇ ಸತ್ತಿದೆ ಅಂದವರು.”

ವಸಂತದಲ್ಲಿ ಇನ್ನೊಂದು ಸುದ್ದಿ ಬಂತು. ಮರ ಹತ್ತಿ ಆ ಮರಿಗೆ ಬಳೆ ತೊಡಿಸಿದ್ದವನು ಆಗ ವಿದ್ಯಾರ್ಥಿ, ಈಗ ನರೆತ ಗಡ್ಡದ ಮೇಷ್ಟ್ರು. ತಾನು ಮೊದಲು ಹತ್ತಿದ ಮರ ಅದು, ಇಳಿಯುವಾಗ ಮೊಣಕಾಲು ಮುರಿದುಕೊಂಡಿದ್ದೆ, ಆ ಹದ್ದಿನ ದೊಡ್ಡ ಚಿತ್ರ ಕಳಿಸುತ್ತೀರಾ ಎಂದು ವೈದ್ಯೆಯ ಮೂಲಕ ಕೇಳಿದ್ದ. ಸುಮಿಯೆ-ಸಾನ್ ಅದೇ ಮಧ್ಯಾಹ್ನ ನನ್ನ ಅಂಗಡಿಯಲ್ಲಿದ್ದರು.

“ಬಳೆ ಕಾಣೋದಲ್ಲ, ಅದರ ಮುಂದಿನದು ಹಾಕಿ” ಎಂದರು. “ಅದು ನೇರ ನಮ್ಮ ಕಡೆ ನೋಡ್ತಿದೆಯಲ್ಲ, ಅದು.”

ನನ್ನಲ್ಲಿದ್ದ ಅತಿ ದೊಡ್ಡ ಹಾಳೆಯನ್ನು ಯಂತ್ರಕ್ಕೆ ಕೊಟ್ಟೆ. ಮೊದಲು ರೆಕ್ಕೆಯ ತುದಿ ಬಂತು, ಆಮೇಲೆ ಭುಜದ ಬಿಳಿ, ಆಮೇಲೆ ಕೊಕ್ಕು. ನಾವಿಬ್ಬರೂ ಯಂತ್ರದ ಮೇಲೆ ಬಗ್ಗಿ, ಹದ್ದಿನ ಕಣ್ಣು ಬರುವುದನ್ನೇ ಕಾಯುತ್ತಿದ್ದೆವು.