ಸಾಕಮ್ಮ ಮತ್ತೆ ಒಲೆಯ ಮುಂದೆ ನಿಂತದ್ದು

ಬನ್ನೂರಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲಿತ್ತು ನಮ್ಮ ಶಾಲೆ. ನಾನು ನಾಲ್ಕನೇ ತರಗತಿಯ ಟೀಚರು. ಸರ್ಕಾರದ ಬಿಸಿಯೂಟ ಶುರುವಾದಾಗಿನಿಂದ ಸಾಕಮ್ಮನೇ ಅಡುಗೆಯವರು. ಎತ್ತರದ ಹೆಂಗಸು, ದೊಡ್ಡ ಗಂಟಲು. ಮಕ್ಕಳನ್ನು ಹೆಸರು ಹಿಡಿದು ಕರೆದದ್ದಿಲ್ಲ. 'ಏ ಪುಟ್ಟಮಾದಮ್ಮನ ಮೊಮ್ಮಗ್ನೆ, ತಟ್ಟೆ ತತ್ತಾ' ಎಂದೇ ಕರೆಯುವುದು. ಮೊದಮೊದಲು ಕೆಲವು ಮನೆಯವರು ಸಾಕಮ್ಮನ ಕೈ ಊಟ ಬೇಡವೆಂದು ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸುತ್ತಿದ್ದರು. ಸಾರಿನ ಘಮಲು ತರಗತಿಯೊಳಗೆ ಬರತೊಡಗಿದ ಮೇಲೆ ಬುತ್ತಿಗಳು ಒಂದೊಂದಾಗಿ ನಿಂತವು.

2006ರ ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಒಂದು ದಿನ ಬೇಳೆ ಬೇಯಲು ಇಟ್ಟ ದೊಡ್ಡ ಕುಕ್ಕರು ಎಷ್ಟು ಹೊತ್ತಾದರೂ ಕೂಗಲಿಲ್ಲ. ಮಕ್ಕಳು ಆಗಲೇ ತಟ್ಟೆ ಹಿಡಿದು ಜಗಲಿಯಲ್ಲಿ ಸಾಲು ನಿಂತಿದ್ದರು. 'ಓಡ್ರೋ!' ಎಂದು ಸಾಕಮ್ಮ ಕೂಗಿದ್ದು ನನಗೆ ಕೇಳಿಸಿತು. ಅದರ ಬೆನ್ನಿಗೇ ಸಿಡಿಲು ಬಡಿದಂಥ ಸದ್ದು. ನಾನು ಹೋಗಿ ನೋಡುವಷ್ಟರಲ್ಲಿ ಕುಕ್ಕರಿನ ಮುಚ್ಚಳ ಚಾವಣಿಯ ಶೀಟು ಒಡೆದುಕೊಂಡು ಹೊರಗೆ ಹಾರಿತ್ತು. ಗ್ಯಾಸ್ ಆರಿಸಲು ಕೈ ಚಾಚಿದ್ದ ಸಾಕಮ್ಮ ನೆಲದ ಮೇಲಿದ್ದರು. ಎಡಗೈಗೂ ಕತ್ತಿಗೂ ಕುದಿಯುವ ಬೇಳೆ ಎರಚಿತ್ತು. ಮಕ್ಕಳೆಲ್ಲ ಹುಣಸೆಮರದಡಿ ಗುಂಪುಗೂಡಿ ಅಳುತ್ತಿದ್ದರು. ಅವರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ.

ಗಾಯ ಮಾಯಿತು. ಸಾಕಮ್ಮ ಮಾತ್ರ ಮೊದಲಿನ ಸಾಕಮ್ಮ ಆಗಲಿಲ್ಲ. ಒಲೆಯ ಹತ್ತಿರಕ್ಕೇ ಹೋಗುತ್ತಿರಲಿಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಎದ್ದು ಬೀದಿಗೆ ಓಡುತ್ತಿದ್ದರು. ನಿದ್ದೆಯಲ್ಲಿ ಚೀರುತ್ತಿದ್ದರು. ಗಂಡ ಪುಟ್ಟಬಸವಯ್ಯ ತಾಂಡ್ಯದ ಕಾರ್ಖಾನೆಯಿಂದ ಶಿಫ್ಟ್ ಮುಗಿಸಿ ಬಂದು ತಾನೇ ಮುದ್ದೆ ತೊಳಸುವುದು ರೂಢಿಯಾಯಿತು. ತಾಯಿತ ಕಟ್ಟಿಸಿದರು, ದೃಷ್ಟಿ ತೆಗೆಸಿದರು. ಶಾಲೆಯಲ್ಲಿ ಸಹಾಯಕಿ ಪಾಪಮ್ಮನೇ ಬಯಲಲ್ಲಿ ಸೌದೆ ಒಲೆ ಹೂಡಿ ಹೇಗೋ ಸಾಗಿಸುತ್ತಿದ್ದಳು.

ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ಡಾಕ್ಟರೇ ದಾರಿ ತೋರಿಸಿದರು. ನಂಜನಗೂಡಿನಲ್ಲಿ ಒಂದು ಸಂಸ್ಥೆಯ ಕೋಣೆಯಲ್ಲಿ ಶನಿವಾರ ಶನಿವಾರ ಬಿಂದುಶ್ರೀ ಎಂಬ ಆಪ್ತಸಮಾಲೋಚಕಿ ಕೂರುತ್ತಾರೆ, ಸುನಾಮಿಯಲ್ಲಿ ಬದುಕುಳಿದವರ ನಡುವೆ ಕೆಲಸ ಮಾಡಿ ಬಂದವರು, ಮುಖದ ಮುಂದೆ ಬೆರಳಾಡಿಸಿ, ಅದರ ಹಿಂದೆ ಕಣ್ಣು ಆಡಿಸುವಂತೆ ಮಾಡುವ ಒಂದು ಚಿಕಿತ್ಸೆ ಕಲಿತಿದ್ದಾರೆ ಎಂದರು. ನನ್ನ ತವರೂ ನಂಜನಗೂಡೇ. ಶನಿವಾರ ಬೆಳಗಿನ ಶಾಲೆ ಮುಗಿಸಿ ಹೇಗೂ ಅಲ್ಲಿಗೆ ಹೋಗುವವಳು, ಸಾಕಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ ಎಂದೆ.

"ಬೆಳ್ಳಾಡ್ಸುದ್ರೆ ಬಯ ಓಯ್ತದಾ ಟೀಚರಮ್ಮ?" ಎಂದರು ಪುಟ್ಟಬಸವಯ್ಯ.

"ತಾಯಿತಕ್ಕಂತೂ ಹೋಗಲಿಲ್ಲವಲ್ಲ," ಎಂದೆ. ಅವರು ನಕ್ಕು, ಹೆಂಡತಿಯ ಕೈಗೆ ನೀರಿನ ಬಾಟಲು ಕೊಟ್ಟು ಬಸ್ಸು ಹತ್ತಿಸಿದರು.

ಬಿಂದುಶ್ರೀ ಚಿಕ್ಕ ವಯಸ್ಸಿನವರು, ಮೆತ್ತನೆಯ ಮಾತು. ಮೊದಲೆರಡು ವಾರ ಬೆರಳಾಡಿಸುವ ವಿಷಯವೇ ಇಲ್ಲ. ಮನೆ, ಮಕ್ಕಳು, ನಿದ್ದೆ ಎಂದು ಬರೀ ಮಾತು. ಮನಸ್ಸು ತಣ್ಣಗಿರುವ ಜಾಗ ಯಾವುದು ಎಂದು ಕೇಳಿದರು. "ನಾಟಿ ಗದ್ದೆ ಕಣವ್ವ," ಎಂದರು ಸಾಕಮ್ಮ, "ಕೆಸ್ರಲ್ಲಿ ಕಾಲು ತಣ್ಗಿರ್ತದೆ. ಎಂಗುಸ್ರೆಲ್ಲಾ ಸೇರ್ಕಂಡು ಪದ ಏಳ್ತೀವಿ." ಭಯ ತಡೆಯಲಾಗದಿದ್ದರೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಆ ಗದ್ದೆಗೆ ಹೋಗಿ ನಿಲ್ಲಿ ಎಂದು ಅವರಿಗೆ ಅಭ್ಯಾಸ ಮಾಡಿಸಿದರು.

ಮೂರನೆಯ ಶನಿವಾರ ಸಾಕಮ್ಮ ನನ್ನ ಸೆರಗು ಬಿಡಲಿಲ್ಲ. ಬಿಂದುಶ್ರೀ ಒಪ್ಪಿದ್ದರಿಂದ ನಾನೂ ಮೂಲೆಯಲ್ಲಿ ಕೂತೆ.

"ಆ ದಿನ ನೆನೆದ್ರೆ ಕಣ್ಮುಂದೆ ಏನು ಬರುತ್ತೆ?"

"ಮಕ್ಳು ಬಿದ್ದವ್ರೆ. ಮೈಯೆಲ್ಲಾ ಬೆಂದೋಗದೆ."

ನಾನು ಬೆಚ್ಚಿದೆ. ಯಾವ ಮಗು ಬಿದ್ದಿತ್ತು? ಬಾಯಿ ತೆರೆಯುವಷ್ಟರಲ್ಲಿ ಬಿಂದುಶ್ರೀ ಕಣ್ಣಲ್ಲೇ ತಡೆದರು.

"ಅದನ್ನ ನೋಡ್ದಾಗ ನಿಮ್ಮ ಬಗ್ಗೆ ಏನನ್ನಿಸುತ್ತೆ?"

"ನಂಬಿ ಕಳಿಸ್ದೋರ ಮಕ್ಳ ನಾನೇ ಕೊಂದೆ ಅನ್ನುಸ್ತದೆ." ಅವರ ಕೈ ತಾನಾಗಿ ಗಂಟಲಿಗೆ ಹೋಯಿತು. "ಇಲ್ಲಿ ಇಡ್ಕತದೆ."

ತಲೆ ಆಡಿಸದೆ ಕಣ್ಣಲ್ಲಿ ಮಾತ್ರ ಹಿಂಬಾಲಿಸಿ, ಬೇಡವೆನಿಸಿದರೆ ಕೈ ಎತ್ತಿ ಎಂದು ಹೇಳಿ ಬಿಂದುಶ್ರೀ ಎರಡು ಬೆರಳನ್ನು ಸಾಕಮ್ಮನ ಮುಖದ ಮುಂದೆ ಎಡಕ್ಕೂ ಬಲಕ್ಕೂ ಆಡಿಸತೊಡಗಿದರು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ, ಉಸಿರೆಳೆದುಕೊಳ್ಳಲು ಹೇಳಿ, "ಈಗೇನು ಬಂತು?" ಎಂದು ಕೇಳುವರು. ಸದ್ದು ಬಂತು ಎಂದರು ಸಾಕಮ್ಮ. ಮತ್ತೆ ಬೆರಳು. ಕೈ ಉರಿಯುತ್ತಿದೆ ಎಂದರು. ಮತ್ತೆ ಬೆರಳು. ಕಣ್ಣೀರು ಧಾರಾಕಾರ ಸುರಿಯಿತು. ಬಿಂದುಶ್ರೀ ಸಮಾಧಾನದ ಮಾತು ಹೇಳಲಿಲ್ಲ. "ಹಾಗೇ ನೋಡ್ತಾ ಹೋಗಿ, ನಾನಿಲ್ಲೇ ಇದ್ದೀನಿ," ಎಂದರು ಅಷ್ಟೆ.

ಆಮೇಲೊಮ್ಮೆ ಬೆರಳು ನಿಂತಾಗ ಸಾಕಮ್ಮನ ಹುಬ್ಬು ಗಂಟಿಕ್ಕಿತು. "ಮಕ್ಳು ಓಡ್ತಾವ್ರೆ," ಎಂದರು. "ಉಣಸೆಮರದ ಕಡೀಕೆ. ತಟ್ಟೆ ಬಿಸಾಕ್ಬುಟ್ಟು ಓಡ್ತಾವ್ರೆ." ನನ್ನ ಕಡೆ ತಿರುಗಿದರು. "ಟೀಚರಮ್ಮ, ಓಡ್ರೋ ಅಂತ ನಾನ್ ಕೂಗುದ್ನಾ?"

ಹೇಳಿ ಎಂಬಂತೆ ಬಿಂದುಶ್ರೀ ನನಗೆ ತಲೆಯಾಡಿಸಿದರು.

"ಕೂಗಿದ್ರಿ. ನನಗೂ ಕೇಳಿಸ್ತು. ಅದಕ್ಕೇ ಮಕ್ಕಳು ಓಡಿದ್ದು," ಎಂದೆ.

"ಅಂಗಾರೆ ಯಾರೂ ಬಿದ್ದಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಯಾರಿಗೂ ಏನೂ ಆಗಿಲ್ಲವೆಂದು ಊರಿನವರೆಲ್ಲ ಆಕೆಗೆ ತಿಂಗಳುಗಟ್ಟಲೆ ಹೇಳಿದ್ದರು. ಅದು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ.

ಹೊರಗೆ ಬಂದ ಮೇಲೆ ಬೆರಳಿಂದ ಇದೆಲ್ಲ ಹೇಗಾಗುತ್ತದೆ ಎಂದು ಬಿಂದುಶ್ರೀಯನ್ನು ಕೇಳಿದೆ. "ಪೂರ್ತಿ ಯಾರಿಗೂ ಗೊತ್ತಿಲ್ಲ ಮೇಡಂ," ಎಂದರು. "ಭಯದ ನೆನಪು ಕೆಲವರಲ್ಲಿ ಆ ಕ್ಷಣದಲ್ಲೇ ನಿಂತುಬಿಡುತ್ತೆ. ಅರ್ಧ ಗಮನ ಬೆರಳಿನ ಮೇಲಿದ್ರೆ ಅದನ್ನ ನೋಡೋ ಧೈರ್ಯ ಬರುತ್ತೆ, ನೆನಪು ಮುಂದಕ್ಕೆ ಹೋಗುತ್ತೆ. ಎಲ್ಲರಿಗೂ ಇಷ್ಟು ಬೇಗ ಆಗೋದಿಲ್ಲ." ಆ ದಿನ ಬಸ್ಸಿನಲ್ಲಿ ಸಾಕಮ್ಮ ನನ್ನ ಭುಜಕ್ಕೊರಗಿ ಊರು ಬರುವವರೆಗೂ ನಿದ್ದೆ ಮಾಡಿದರು.

ಹಾಗೆಂದು ಎಲ್ಲ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಮುಂದಿನ ವಾರ ತಲೆನೋವೆಂದು ಬರಲಿಲ್ಲ. ಆಮೇಲೆ ಬಂದಾಗ ಕುಕ್ಕರಿನ ಕೂಗಿನ ಬಗ್ಗೆಯೇ ಕೆಲಸ ನಡೆಯಿತು. ಸ್ವಲ್ಪ ಸ್ವಲ್ಪವಾಗಿ ಆ ಸದ್ದಿನ ಹತ್ತಿರ ಹೋಗಿ ನೋಡಿ ಎಂದರು ಬಿಂದುಶ್ರೀ. ನಮ್ಮ ತವರುಮನೆಯಲ್ಲೇ ನೋಡೋಣವೆಂದು ಕರೆದೊಯ್ದೆ.

ಮೊದಲ ಸಲ ಸಾಕಮ್ಮ ಹಿತ್ತಲಲ್ಲೇ ಕೂತರು. ಇನ್ನೊಂದು ಸಲ ಅಡುಗೆಮನೆಯ ಹೊಸಿಲವರೆಗೆ ಬಂದರು. ಒಳಗೆ ನಮ್ಮಮ್ಮ ಬೇಳೆಗೆ ಇಟ್ಟಿದ್ದರು. ಸಾರಿಗೆ ಕೊಬ್ಬರಿ ಹುರಿದು ಹಾಕಬೇಕೋ ಹಸಿಯೋ ಎಂದು ಇಬ್ಬರಿಗೂ ವಾದ ಹತ್ತಿತು. ನಡುವೆ ಕುಕ್ಕರ್ ಕೂಗಿತು. ಸಾಕಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು, ಕಣ್ಣು ಮುಚ್ಚಿದರು. ಗದ್ದೆಗೆ ಹೋಗಿದ್ದರೆಂದು ಕಾಣುತ್ತದೆ. ಮತ್ತೆ ಕೂಗಿತು. ಮತ್ತೆ. ಅಮ್ಮ ಮಾತಿನ ಗುಂಗಿನಲ್ಲೇ ಇದ್ದರು.

"ಅವ್ವಾ, ಆರ್ಸಿ ಮೊದ್ಲು," ಎಂದರು ಸಾಕಮ್ಮ, "ಬೇಳೆ ಕರಗೋಯ್ತದೆ."

ಅಮ್ಮ ಆರಿಸಿದರು. ನಾನು ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡೆ.

ಜೂನ್‌ನಲ್ಲಿ ಶಾಲೆ ತೆರೆದಾಗ ಹೆಡ್‌ಮಾಸ್ಟರ್ ಗಂಗಾಧರಸ್ವಾಮಿಯವರು ಓಡಾಡಿ ಹೊಸ ಕುಕ್ಕರು ತರಿಸಿದ್ದರು. ಮಕ್ಕಳ ಊಟದ ಸಾಲು ಜಗಲಿಯಿಂದ ಹುಣಸೆಮರದಡಿಗೆ ಹೋಯಿತು. ಮೊದಲ ದಿನ ಪುಟ್ಟಬಸವಯ್ಯ ರಜೆ ಹಾಕಿ ಬಂದು, ಕೆಲಸವಿಲ್ಲದಿದ್ದರೂ ಅಡುಗೆಮನೆಯ ಮುಂದೆ ಈರುಳ್ಳಿ ಸುಲಿಯುತ್ತ ಕೂತಿದ್ದರು. ಮುಚ್ಚಳ ಹಾಕುವಾಗ ಸಾಕಮ್ಮ ರಬ್ಬರು ನೋಡಿದರು, ವೇಯ್ಟ್ ಎತ್ತಿ ಊದಿದರು, ಇನ್ನೊಮ್ಮೆ ನೋಡಿದರು. ಮಧ್ಯಾಹ್ನ ಎಲ್ಲರಿಗೂ ಅನ್ನ ಸಾರು ಬಡಿಸಿ, ಕೊನೆಗೆ ಗಂಡನಿಗೂ ಒಂದು ತಟ್ಟೆ ಕೊಟ್ಟರು.

ದೀಪಾವಳಿಯ ಪಟಾಕಿಗೆ ಈಗಲೂ ಆಕೆ ಬಾಗಿಲು ಹಾಕಿಕೊಂಡು ಕೂರುವುದುಂಟು. ಕತ್ತಿನ ಸುಟ್ಟ ಕಲೆಯನ್ನು ಸೆರಗಿನಿಂದ ಮುಚ್ಚಿಕೊಳ್ಳುವುದನ್ನು ಮಾತ್ರ ಬಿಟ್ಟಿದ್ದಾರೆ. ಹೋದ ವರ್ಷ ಬಸ್ಸು ಮಗುಚಿದಾಗ ಬದುಕುಳಿದ ಚಲುವಮ್ಮ ಎಂಬ ಹೆಂಗಸು ಮನೆ ಬಿಟ್ಟು ಹೊರಗೇ ಬರುತ್ತಿಲ್ಲವೆಂದು ತಿಳಿದು ಸಾಕಮ್ಮನೇ ಹುಡುಕಿಕೊಂಡು ಹೋದರು. ಬಸ್ಸು ಹತ್ತುವ ಮಾತೆತ್ತಿದರೇ ಆಕೆ ಎದ್ದು ಒಳಗೆ ಹೋಗುತ್ತಿದ್ದಳಂತೆ. ಸಾಕಮ್ಮ ಪರಿಚಯದವರ ಆಟೊ ಗೊತ್ತು ಮಾಡಿದರು.

"ಮಂತ್ರ ಇಲ್ಲ, ಮಾಟ ಇಲ್ಲ ಕಣಮ್ಮಿ. ಬೆಳ್ಳ ನೋಡ್ತಾ ಅಳಾದು ಅಷ್ಟೇಯ. ನಾ ಆಚೆ ಕೂತಿರ್ತೀನಿ, ಓಗು," ಎಂದು ಹೇಳಿ ಅವಳನ್ನು ಬಿಂದುಶ್ರೀಯವರ ಕೋಣೆಯೊಳಗೆ ಕಳಿಸಿದರು. ತಾವು ಹೊರಗಿನ ಬೆಂಚಿನ ಮೇಲೆ ಕೂತು ಕಾಯತೊಡಗಿದರು.