ಒಂದೂ ತಪ್ಪಿಲ್ಲದ ಐತವಾರ

ಹೊಗಳಿಕಿ ಅಂದ್ರ ನನಗ ಜರಾ ಜಾಸ್ತೀನೇ ಆಸಿ ನೋಡ್ರಿ. ಬೀದರದ ಒಂದು ಸಾಲಿಯೊಳಗ ಗಣಿತ ಕಲಿಸ್ತೇನಿ. ದಿನಾ ಮಕ್ಕಳ ತಪ್ಪಿಗೆ ಕೆಂಪು ಗೆರಿ ಎಳೀತೇನಿ, ಆದ್ರ ನನ್ನ ತಪ್ಪಿಗೆ ಯಾರರ ಗೆರಿ ಎಳದ್ರ ಆವತ್ತು ನನಗ ಊಟ ಸೇರೂದಿಲ್ಲ. ಅಂಥಾಕಿಗೆ ಕಂಪ್ಯೂಟರೇ ‘ನೀ ಬರದದ್ರಾಗ ಒಂದೂ ತಪ್ಪಿಲ್ಲ’ ಅಂದ್ರ ತಲಿ ನೆಟ್ಟಗ ನಿಲ್ತದೇನ್ರಿ?

ಆಗಿದ್ದಿಷ್ಟು. ನನ್ನ ತಂಗಿ ಶಾಂತಾ ಔರಾದದಾಗ ನರ್ಸ್. ಅಲ್ಲಿ ಗುರುವಾರ ಕೂಸುಗಳಿಗೆ ಲಸಿಕಿ. ತಾಯಂದಿರು ಪಾಪ, ಹೊಲಮನಿ ಗದ್ಲದಾಗ ಮರ್ತುಬಿಡ್ತಾರ. “ಅಕ್ಕಾ, ಹಿಂದಿನ ದಿನ ಎಲ್ಲಾರ ಫೋನಿಗೂ ಒಂದು ಮೆಸೇಜ್ ಹೋಗೂ ಹಂಗ ಏನರ ಮಾಡ್ಲಿಕ್ಕ ಬರ್ತದೇನ?” ಅಂತ ಕೇಳಿದಳು. ಈ ವಯಸ್ಸಿನಾಗ ಪ್ರೋಗ್ರಾಂ ಬರಿಯೋದು ಕಲ್ತ ಹುರುಪು ನನಗ. ಬೀದರ, ಭಾಲ್ಕಿ, ಔರಾದ ಮೂರಕ್ಕೂ ಸೇರಿಸಿ ಬರದೇಬಿಟ್ಟೆ. ಅದನ್ನ ನಡೆಸೂ ಜವಾಬ್ದಾರಿ ಕಂಪ್ಯೂಟರ್ ಬಲ್ಲ ಭಾಲ್ಕಿಯ ಮನೋಹರ ಸರ್ ತಗೊಂಡ್ರು. ಮನುಷ್ಯಾ ಭಾಳ ಕಟ್ಟುನಿಟ್ಟು. ನನ್ನ ಬರಹ ನೋಡಿದವರೇ ವಾಪಸ್ ಕಳಿಸಿ, “ಮೇಡಂ, ಮೊದಲು ನಿಮ್ಮ ಲ್ಯಾಪ್‌ಟಾಪಿನ್ಯಾಗೇ ಲಿಂಟರ್ ಓಡಿಸಿ, ತಪ್ಪು ತಿದ್ದಿ ಕಳಸ್ರಿ. ಮಂಗಳವಾರದೊಳಗ ಬರಲಿಲ್ಲಂದ್ರ ಈ ವಾರ ಯಾರಿಗೂ ಮೆಸೇಜ್ ಇಲ್ಲ” ಅಂದ್ರು.

ಲಿಂಟರ್ ಅಂದ್ರ ಒಂದು ಪ್ರೋಗ್ರಾಮಿನ ತಪ್ಪು ಹುಡುಕೂ ಇನ್ನೊಂದು ಪ್ರೋಗ್ರಾಂ. ಮದುವಿ ಮನಿಗೆ ಬಂದ ಬೀಗತಿ ಅನ್ರಿ. ಅದನ್ನ ಕಂಟೇನರಿನ್ಯಾಗ ಇಟ್ಟು ಓಡಿಸ್ರಿ ಅಂತ ಬ್ಯಾರೆ ಹೇಳಿದ್ರು. ಮೊದಲು ಹೆದರಿದೆ, ತಿಳದ ಮ್ಯಾಲ ನಗು ಬಂತು. ಕಮಲನಗರದ ಕಡಿಂದ ಅಡಗಿಯವನ್ನ ಕರಸ್ತೇವಲ್ಲ, ಅವ ಒಲಿ, ಭಾಂಡಿ, ಮಸಾಲಿ, ಸೌಟು ಎಲ್ಲಾ ತಾನೇ ಗಾಡಿಯೊಳಗ ಹೇರ್ಕೊಂಡು ಬರ್ತಾನ. ನಮ್ಮ ಅಡಗಿಮನ್ಯಾಗ ಏನದ ಏನಿಲ್ಲ ಅನ್ನೂ ಫಿಕರ್ ಅವಗಿಲ್ಲ. ಕೆಲಸ ಮುಗೀತಂದ್ರ ಒಂದು ಚಮಚಾನೂ ಬಿಡದ ಎತ್ಕೊಂಡು ಹೋಗ್ತಾನ. ಕಂಟೇನರೂ ಹಂಗ, ಲಿಂಟರಿಗೆ ಬೇಕಾದ ಸಾಮಾನೆಲ್ಲಾ ತಾನೇ ಹೊತ್ಕೊಂಡು ಬರ್ತದ. ನಾವು ಮಾಡೂದು ಇಷ್ಟೇ, ಯಾವ ಫೋಲ್ಡರ್ ನೋಡಬೇಕು ಅಂತ ಬೆರಳ ಮಾಡಿ ತೋರಸೂದು. ತೋರಿಸಿದ್ದು ಬಿಟ್ಟು ಬ್ಯಾರೆ ಕಡೆ ಅದು ಹಣಕೀನೂ ಹಾಕೂದಿಲ್ಲ.

ಐತವಾರ ಚರ್ಚಿನಿಂದ ಬಂದಾಕಿನೇ ಕೂತೆ. ಮನಿಗೆ ಹೊಸಬರು ಬರ್ತಾರಂದ್ರ ನಾವೇನು ಮಾಡ್ತೇವಿ? ಬೈಠಕ್ ಖೋಲಿ ಗುಡಿಸಿ, ಹೊಸಾ ಚಾದರ ಹಾಸಿ, ಒಳಗಿನ ಪಸಾರಾ ಕಾಣದಂಗ ಪರ್ದಾ ಎಳೀತೇವಿ. ಅದೇ ರೂಢಿ ಕೈಯಾಗ ಇತ್ತು. ಲಿಂಟರಿಗಂತ ಒಂದು ಹೊಸಾ ಫೋಲ್ಡರ್ ಮಾಡಿ, ಚಂದನೆ ಹೆಸರಿಟ್ಟು, ಬರ್ರಿ ಇಲ್ಲೇ ನೋಡ್ರಿ ಅಂತ ತೋರಿಸಿದೆ. ಕಣ್ಣು ಮುಚ್ಚಿ ತೆಗಿಯೂದ್ರೊಳಗ ಉತ್ತರ ಬಂತು. ತಪ್ಪು: ಸೊನ್ನಿ.

ಆಮ್ಯಾಲ ನನ್ನ ಕಾಲು ನೆಲಕ್ಕಿರಲಿಲ್ರಿ. ಮಲಗಿದ್ದ ಯಜಮಾನರನ್ನ ಎಬ್ಬಿಸಿ ಪೇಢಾ ತರಿಸಿದೆ. ಪೇಢಾ ಯಾಕಂತ ಕೇಳಿದ ಬಾಜೂಮನಿಯವರಿಗೆ ಲಿಂಟರ್ ಅಂದ್ರೇನು ಅಂತ ಪಾಠಾನೇ ಮಾಡಿದೆ. ಅವರು ಹೂಂ ಹೂಂ ಅಂತ ಎರಡು ಪೇಢಾ ತಿಂದ್ರು. ಶಾಂತಾಗ ಫೋನ್ ಹಚ್ಚಿ, “ನಿಮ್ಮಕ್ಕಂದು ಒಂದೂ ತಪ್ಪಿಲ್ಲ ತಿಳ್ಕೊ” ಅಂದೆ. “ಸಣ್ಣಾಕಿ ಇದ್ದಾಗಿಂದ ಇದನ್ನೇ ಹೇಳ್ಲಿಕತ್ತೀದಿ” ಅಂದಳು. ಕುಕ್ಕರ್ ಸೀಟಿ ಹೊಡದ್ರೂ ನನಗ ಶಹಬ್ಬಾಸ್ ಅಂದಂಗೇ ಕೇಳ್ತಿತ್ತು.

ಮನೋಹರ ಸರ್‌ಗೆ ಕಳಸೂಣಂತ ಫೋಲ್ಡರ್ ತೆಗದೆ. ಖಾಲಿ. ನನ್ನ ಬರಹ ಎಲ್ಲಾ ಹಳೇ ಫೋಲ್ಡರಿನ್ಯಾಗೇ ಕೂತಿತ್ತು, ಇದರಾಗ ಹಾಕೂದೇ ಮರ್ತಿದ್ದೆ. ಬೀಗತಿಗೆ ಖಾಲಿ ಖೋಲಿ ತೋರಿಸಿ, ಅಡಗಿ ಹ್ಯಾಂಗಾಗೇದ್ರಿ ಅಂತ ಕೇಳಿದ್ದೆ. ಗಣಿತದಾಗ ಇದಕ್ಕ ಒಂದು ಮಜಾ ಅದ. ನಮ್ಮ ಮನ್ಯಾಗಿನ ಆನಿಗಳೆಲ್ಲಾ ಗುಲಾಬಿ ಬಣ್ಣದವು ಅಂದ್ರ ಅದು ಸುಳ್ಳಲ್ಲ. ಸುಳ್ಳು ಅನ್ಲಿಕ್ಕ ಬ್ಯಾರೆ ಬಣ್ಣದ ಒಂದಾದ್ರೂ ಆನಿ ಬೇಕು, ನಮ್ಮಲ್ಲಿ ಆನೀನೇ ಇಲ್ಲ. ಖಾಲಿ ಗಣದೊಳಗ ಎಲ್ಲಾರೂ ಶಾಣ್ಯಾರೇ ಇರ್ತಾರ. ಇದನ್ನ ಪ್ರತಿ ವರ್ಷ ಕಲಿಸ್ತೇನಿ, ಮಕ್ಕಳು ಪ್ರತಿ ವರ್ಷ ನಗ್ತಾರ.

ಹಳೇ ಫೋಲ್ಡರ್ ತೋರಿಸಿದೆ. ಪರದಿ ತುಂಬ ಕೆಂಪು. ಇಲ್ಲಿ ಜಾಗ ಜಾಸ್ತಿ ಬಿಟ್ಟೀದಿ, ಅಲ್ಲಿ ಸಾಲು ಉದ್ದ ಆಗೇದ, ಎಲ್ಲಾ ಚಿಲ್ಲರೆ ಕಿರಿಕಿರಿ. ಗೊಣಗ್ಕೋತ ತಿದ್ದಿಕೋತ ಬಂದೆ. ನಡುವ ಒಂದು ಸಾಲು ಕಂಡು ಗೊಣಗೂದು ಬಿಟ್ಟು ಮತ್ತೊಮ್ಮೆ ಓದಿದೆ. ‘ಔರಾದ’ ಅಂತ ಹೆಸರಿಟ್ಟು ತುಂಬಿಸಿಟ್ಟೀದಿ, ಮುಂದ ಎಲ್ಲೂ ಬಳಸಿಲ್ಲ, ಅಂತಿತ್ತು ಅದು. ಅಂದ್ರ ಔರಾದದ ನಂಬರಿನ ಪಟ್ಟಿ ಸುಮ್ಮನ ಬಿದ್ದಿತ್ತು, ಬೀದರ ಭಾಲ್ಕಿಗಷ್ಟೇ ಮೆಸೇಜ್ ಹೋಗ್ತಿತ್ತು. ಔರಾದದ ಒಬ್ಬ ತಾಯಿಗೂ ಹೋಗ್ತಿರಲಿಲ್ಲ. ಯಾರ ಸಲುವಾಗಿ ಬರದಿದ್ದೆನೋ ಅವರನ್ನೇ ಬಿಟ್ಟಿದ್ದೆ. ಆ ಸೊನ್ನಿ ನಂಬಿ ಕಳಿಸಿದ್ರ?

ತಿದ್ದಿದೆ, ಮತ್ತ ಓಡಿಸಿದೆ, ಸೋಮವಾರ ಮುಂಜಾನೆ ಕಳಿಸಿದೆ. “ಈಗ ಬರೋಬ್ಬರಿ ಆತು” ಅಂದ್ರು ಮನೋಹರ ಸರ್.

ಗುರುವಾರ ನಾ ಸ್ಟಾಫ್ ರೂಮಿನ್ಯಾಗ ಇದ್ದಾಗ ಶಾಂತಾನ ಫೋನ್ ಬಂತು. ಹಿಂದ ದವಾಖಾನಿ ತುಂಬ ಕೂಸುಗಳ ಅಳು. ಒಂದು ನಿಲ್ತಂದ್ರ ಇನ್ನೊಂದು ಶುರು ಹಚ್ಚತಿತ್ತು.

“ಕೇಳಸ್ತದೇನ ಅಕ್ಕಾ? ಎಲ್ಲಾ ನಿನಗೇ ಬೈಲಿಕತ್ತಾವ” ಅಂದಳು.

“ಫೋನ್ ಇಡಬ್ಯಾಡ,” ಅಂದೆ ನಾ, “ಇನ್ನಷ್ಟು ಕೇಳಸು.”