ಒಡೀಲ್ ಸೇರಿಸಿದ ಸಾಲು

ಒಡೀಲ್ ಮಾರ್ಶಾದಿಯೆ ಮೂವತ್ತೊಂದು ವರ್ಷ ಹಳ್ಳಿಗಳಿಗೆ ಟಪಾಲು ಹಂಚಿ, ಊರವರಿಂದ ಸಹಿ ಹಾಕಿಸಿಕೊಂಡವಳು. ಈ ಸಲ ಸಹಿ ಹಾಕುವ ಸರದಿ ಅವಳದಾಗಿತ್ತು. ಅವಳ ಮನೆಯ ಹೊಸ ಚಾವಣಿ ಮುಗಿದಿತ್ತು. ಮೇಸ್ತ್ರಿ ಬಾರ್ತೆಲೆಮಿ ಕೆಲಸ ಒಪ್ಪಿಸುವ ಪತ್ರವನ್ನು ವ್ಯಾನಿನ ಮೂತಿಯ ಮೇಲೆ ಹರಡಿ ಪೆನ್ನು ಚಾಚಿದ.

"ಇಲ್ಲೊಂದು ಸಹಿ ಹಾಕ್ಬಿಡಿ ಮದಾಮ್. ಸುಮ್ನೆ ಶಾಸ್ತ್ರಕ್ಕೆ."

ಪತ್ರದಲ್ಲಿ 'ಸಾನ್ ರೆಸೆರ್ವ್' ಎಂಬಲ್ಲಿ ಅವನೇ ಗುರುತು ಹಾಕಿಟ್ಟಿದ್ದ. ಕಣ್ಣಿಗೆ ಕಾಣುವ ಕೊರತೆ ಯಾವುದೂ ಇಲ್ಲ, ತಕರಾರಿಲ್ಲದೆ ಒಪ್ಪಿದ್ದೇನೆ ಎಂದು ಅದರರ್ಥ. ಒಡೀಲ್ ತಲೆಯೆತ್ತಿ ನೋಡಿದಳು. ಚಿಮಣಿಯ ಬುಡದಲ್ಲಿ ಮಳೆನೀರು ತಡೆಯಬೇಕಾದ ಸತುವಿನ ತಗಡು ಬಾಯಿ ಬಿಟ್ಟುಕೊಂಡಿತ್ತು.

"ಮತ್ತೆ ಅದು?"

"ಅದನ್ನ ಆಮೇಲೆ ಬಂದು ಸರಿ ಮಾಡ್ತೀನಿ. ನನ್ ಮಾತಿನ ಮೇಲೆ ನಂಬ್ಕೆ ಇಲ್ವಾ? ನಿಮ್ ಯಜಮಾನ್ರು ಇದ್ದಿದ್ರೆ ಹೀಗೆ ಕೇಳ್ತಿರ್ಲಿಲ್ಲ."

ಒಡೀಲ್ ಪೆನ್ನು ತೆಗೆದುಕೊಂಡಳು. ಸುತ್ತಮುತ್ತ ಚಾವಣಿ ಹತ್ತುವವನು ಅವನೊಬ್ಬನೇ. ಅವನನ್ನು ಎದುರು ಹಾಕಿಕೊಂಡರೆ ನಾಳೆ ಯಾರನ್ನು ಕರೆಯುವುದು? ಆದರೂ ಆ ಗುರುತನ್ನು ಹೊಡೆದುಹಾಕಿ, ಕೆಳಗೆ ಬರೆದಳು: 'ಚಿಮಣಿ ಬುಡದ ತಗಡು ಕೂತಿಲ್ಲ. ಹದಿನೈದು ದಿನದೊಳಗೆ ಸರಿಪಡಿಸಬೇಕು.'

"ನಮ್ಮವ್ರು ಓದ್ದೇ ಸಹಿ ಹಾಕ್ತಿದ್ರಪ್ಪ. ಅದಕ್ಕೇ ಕಾಗದಪತ್ರ ಎಲ್ಲಾ ನಾನೇ ನೋಡ್ಕೋತಿದ್ದೆ," ಎಂದು ಸಹಿ ಮಾಡಿದಳು.

ಬಾರ್ತೆಲೆಮಿಯ ಕಿವಿ ಕೆಂಪೇರಿತು. ತಾನೂ ಸಹಿ ಗೀಚಿ, ವ್ಯಾನಿನ ಬಾಗಿಲು ಧಡಾರನೆ ಎಳೆದುಕೊಂಡು ಹೊರಟುಹೋದ.

ಒಂದು ವಾರ ಕಳೆದರೂ ಅವನ ಸುಳಿವಿರಲಿಲ್ಲ. ಮೋಡ ಕಟ್ಟಿದಾಗಲೆಲ್ಲ ಒಡೀಲ್ ಅಂಗಳಕ್ಕೆ ಬಂದು ಚಿಮಣಿ ನೋಡುತ್ತಿದ್ದಳು. ಒಂಬತ್ತನೆಯ ದಿನ ಬೆಳಿಗ್ಗೆ ಗೋಡೆಗೆ ಏಣಿ ತಾಗಿದ ಸದ್ದಾಯಿತು. ಬಾರ್ತೆಲೆಮಿ ಹತ್ತಿ, ತಗಡು ಕೂರಿಸಿ, ಇಳಿದು ಬಂದ.

"ಕಾಫಿ ಇದ್ಯಾ?" ಎಂದು ಕೇಳಿದ, ಇನ್ನೂ ಮುಖ ಊದಿಸಿಕೊಂಡೇ.